ಕಾಕೂಗೆ ನೆನಪಿದ್ದ ಅಳು

ಮಗಳಿಗೆ ನಾನು ಮಾತು ಕೊಟ್ಟಿದ್ದೆ. ನಾಲ್ಕು ದಿನ ಮುಂಬಯಿ ನೋಡು; ಹೂಂ ಅಂದರೆ ಅಲ್ಲಿಗೆ ಹೋಗಿ ಇರೋಣ, ಊಂಹೂಂ ಅಂದರೆ ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಮಸ್ಕತ್ತಿನ ಅಡುಗೆಮನೆಯಲ್ಲಿ ನಿಂತು ಹಾಗೆ ಹೇಳುವಾಗ ನ್ಯಾಯವಾದ ಮಾತು ಅನಿಸಿತ್ತು. ವಿಮಾನ ಕೆಳಗಿಳಿಯತೊಡಗಿ, ಕಿಟಕಿಯಲ್ಲಿ ನೀಲಿ ತಾಡಪತ್ರಿ ಹೊದ್ದ ಸೂರುಗಳು ಕಾಣುವ ಹೊತ್ತಿಗೆ ನಾನು ಮಾಡಿದ್ದೇನು ಅಂತ ಸ್ವಲ್ಪ ಸ್ಪಷ್ಟವಾಯಿತು. ನನಗೆ ಬೇಕಾದ ಒಂದು ಕೆಲಸವನ್ನು ಹದಿಮೂರು ವರ್ಷದ ಹುಡುಗಿಯ ಕೈಗೆ ಕೊಟ್ಟು, ನೀನೇ ನೋಡು ಅಂದಿದ್ದೆ.

ಮದುವೆಗೆ ಮೊದಲು ಆರೇಳು ವರ್ಷ ನಾನು ಮುಂಬಯಿಯ ಫೋರ್ಟಿನಲ್ಲಿ, ಒಂದು ಸಣ್ಣ ಅನುವಾದದ ಕಚೇರಿಯಲ್ಲಿ ಇದ್ದೆ. ಕೋರ್ಟಿಗೆ ಹೋಗುವ ಕಾಗದಗಳನ್ನು ಕನ್ನಡದಿಂದಲೂ ಮರಾಠಿಯಿಂದಲೂ ಇಂಗ್ಲಿಷಿಗೆ ಮಾಡುವ ಕೆಲಸ. ಖರೀದಿ ಪತ್ರ, ಮೃತ್ಯುಪತ್ರ, ಅಣ್ಣತಮ್ಮಂದಿರ ಪಾಲಿನ ಪತ್ರ. ಮದುವೆಯಾಗಿ ಮಸ್ಕತ್ತಿಗೆ ಹೋದ ಮೇಲೆ ನನಗೆ ಕೆಲಸ ಇರಲಿಲ್ಲ. ಶುಕ್ರವಾರ ಮುಂಜಾನೆ ನಾಲ್ಕಾರು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದೆ, ಅಷ್ಟೇ. ಈಗ ಕಚೇರಿಯ ಯಜಮಾನರು ಫೋನ್ ಮಾಡಿ, ಹಳೆಯ ಕನ್ನಡ ಕಾಗದ ಓದಬಲ್ಲವರು ಸಿಗುತ್ತಿಲ್ಲ, ಬರುವುದಾದರೆ ಆ ಮೇಜು ನಿಮ್ಮದೇ ಅಂದಿದ್ದರು. ನನ್ನ ಗಂಡನಿಗೆ ಮಸ್ಕತ್ತಿನ ಬಂದರಿನಲ್ಲಿ ಇನ್ನೂ ಎರಡು ವರ್ಷದ ಕೆಲಸವಿದೆ. ಬರುವುದಾದರೆ ನಾನು ಮಕ್ಕಳನ್ನು ಕರೆದುಕೊಂಡು ಮೊದಲು ಬರಬೇಕು, ಅವರು ಆಮೇಲೆ. ನನ್ನನ್ನು ಕೇಳಬೇಡ, ಶಾಲೆ ಬಿಡಬೇಕಾದವಳನ್ನು ಕೇಳು ಅಂತ ಅವರು ಹೇಳಿದ್ದರು. ಮಗನದೇನೂ ತಕರಾರಿರಲಿಲ್ಲ. ಅವನಿಗೆ ಒಂಬತ್ತು, ಲಿಫ್ಟ್ ಇರುವ ಯಾವ ಊರಾದರೂ ನಡೆಯುತ್ತಿತ್ತು. ಮಗಳಿಗೆ ಮಸ್ಕತ್ತಿನಲ್ಲಿ ಮೂವರು ಗೆಳತಿಯರಿದ್ದರು. ಅವರ ಹೊರತು ಜಗತ್ತು ಇದೆ ಅಂತ ಅವಳು ಒಪ್ಪಿರಲಿಲ್ಲ.

ಮಕ್ಕಳು ಅದುವರೆಗೆ ಮುಂಬಯಿ ನೋಡಿರಲಿಲ್ಲ. ರಜೆಗೆ ಬಂದರೆ ಗೋವಾದಲ್ಲಿ ಇಳಿದು ಧಾರವಾಡಕ್ಕೆ, ನನ್ನ ತಾಯಿಯ ಮನೆಗೆ ಹೋಗುತ್ತಿದ್ದೆವು. ಅವರಿಗೆ ಗೊತ್ತಿದ್ದದ್ದು ನನ್ನ ಕತೆಗಳ ಮುಂಬಯಿ. ಅಂಥ ಕತೆಗಳು ನನ್ನ ಹತ್ತಿರ ಬಹಳ ಇರಲಿಲ್ಲ. ಐದಾರನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದೆ. ಮಳೆಯಲ್ಲಿ ಲೋಕಲ್ ನಿಂತು ಕುರ್ಲಾದಿಂದ ಹಳಿಯ ಮೇಲೆ ನಡೆದು ಬಂದದ್ದು, ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿನಲ್ಲಿ ಊಟ ಮಾಡುತ್ತಿದ್ದದ್ದು, ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಗಡಿಯಾರದ ಗೋಪುರ ಕಾಣುತ್ತಿದ್ದದ್ದು, ಘಾಟ್ಕೋಪರಿನ ಚಾಳಿನಲ್ಲಿ ಕಾಕೂ ಮಾಡುತ್ತಿದ್ದ ಚುರಮುರಿಯ ಸುಸಲಾ. ಈ ಎಲ್ಲ ಕತೆಗಳಲ್ಲೂ ಒಬ್ಬ ಹುಡುಗಿ ಇರುತ್ತಾಳೆ, ಅವಳು ಯಾವಾಗಲೂ ಖುಷಿಯಾಗಿರುತ್ತಾಳೆ. ಆ ಹುಡುಗಿ ನಾನು ಅಂತ ಮಕ್ಕಳು ನಂಬಿದ್ದರು. ನಾನೂ ನಂಬಿದ್ದೆ ಅಂತ ಕಾಣುತ್ತದೆ.

ದಾದರಿನಲ್ಲಿ, ಸ್ಟೇಶನ್ನಿಗೆ ಹತ್ತಿರದ ಒಂದು ಲಾಡ್ಜಿನಲ್ಲಿ ಇಳಿದುಕೊಂಡೆವು. ಮೊದಲನೆಯ ದಿನ ಫೋರ್ಟಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಒಂದು ಸಾಮಾನನ್ನು ತೋರಿಸುವ ಅಂಗಡಿಯವಳ ಹಾಗೆ ಮಾತಾಡುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತು. ಬಿಸಿಲಿಗೆ ಇವತ್ತು ಜಾಸ್ತಿ ಬಿಸಿಲು ಅನ್ನುತ್ತಿದ್ದೆ, ಜನಕ್ಕೆ ಇವತ್ತು ಜಾಸ್ತಿ ಜನ ಅನ್ನುತ್ತಿದ್ದೆ. ಮಗಳು ನನ್ನ ಹಿಂದೆ ನಡೆಯುತ್ತಿದ್ದಳು. ಫುಟ್‌ಪಾತಿನಲ್ಲಿ ಎದುರಿನಿಂದ ಬರುವವರಿಗೆ ಯಾವ ಕಡೆ ದಾರಿ ಬಿಡಬೇಕೋ ತಿಳಿಯದೆ ಅವಳು ಪ್ರತಿ ಸಲವೂ ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಹಿಂದಿನವರು ಬಂದು ತಾಗುತ್ತಿದ್ದರು. ಇಲ್ಲಿ ನಿಲ್ಲಬಾರದು, ನಡೀತಾನೇ ಇರಬೇಕು ಅಂದೆ. ಅದನ್ನು ಗೋಡೆಯ ಮೇಲೆ ಬರೆದು ಹಾಕಬೇಕಿತ್ತು ಅಂದಳು.

ಕಚೇರಿ ಅದೇ ಕಟ್ಟಡದ ಎರಡನೆಯ ಮಾಳಿಗೆಯಲ್ಲಿತ್ತು. ಕಟ್ಟಿಗೆಯ ಮೆಟ್ಟಿಲು, ಎಲೆಕ್ಟ್ರಿಕ್ ಮೀಟರುಗಳ ಸಾಲು, ಎಲ್ಲ ಹಾಗೇ. ಯಜಮಾನರು ಬೆಳಗಾವಿ ಕಡೆಯವರು, ವಯಸ್ಸಾಗಿದೆ. ಕನ್ನಡ ಮರಾಠಿ ಎರಡನ್ನೂ ಕೂಡಿಸಿಯೇ ಮಾತಾಡುವವರು. ನನ್ನನ್ನು ಆಗಲೂ ಮರಾಠಿಯವರ ಹಾಗೆ ಗೌರವಕ್ಕೆ ಬಾಯಿ ಅನ್ನುತ್ತಿದ್ದರು, ಈಗಲೂ ಬಾಯಿ ಅಂದರು. ಮಕ್ಕಳಿಗೆ ಚಾಕೊಲೇಟು ತರಿಸಿದರು. ನಾನು ನನ್ನ ಹಳೆಯ ಮೇಜಿನ ಹತ್ತಿರ ಹೋಗಿ ನಿಂತು, ಕಿಟಕಿ ಯಾವಾಗ ಮುಚ್ಚಿಸಿದಿರಿ ಅಂತ ಕೇಳಿದೆ. ಅಲ್ಲಿ ಬರೀ ಗೋಡೆ ಇತ್ತು.

ಅವರು ಕನ್ನಡಕ ಮೇಲಕ್ಕೆ ಸರಿಸಿ ಗೋಡೆ ನೋಡಿದರು. "ಇಲ್ಲಿ ಕಿಟಕಿ ಯಾವತ್ತೂ ಇರಲಿಲ್ಲ, ಬಾಯಿ. ಕ್ಯಾಲೆಂಡರ್ ಇತ್ತು. ಬ್ಯಾಂಕಿನವರು ಕೊಟ್ಟಿದ್ದು. ಗಡಿಯಾರದ ಚಿತ್ರ ಛಲೋ ಇತ್ತಂತ ನೀವ ಅದನ್ನ ವರ್ಷ ಮುಗದ ಮ್ಯಾಲೂ ತಗೀಗೊಡಲಿಲ್ಲ."

ಅವರು ನಗಲಿಲ್ಲ, ಒಂದು ಸಂಗತಿ ಅಂತ ಹೇಳಿದರು, ಅಷ್ಟೇ. ಮಗಳು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ಕೇಳಿದಳು: "ಅಮ್ಮ, ಇನ್ನೂ ಯಾವ್ಯಾವುದು ಕ್ಯಾಲೆಂಡರ್?"

ಕಚೇರಿಯಲ್ಲಿ ಪ್ರತಿ ಅನುವಾದದ ಕೊನೆಗೆ ಒಂದು ವಾಕ್ಯ ಸೇರಿಸಿ ಸಹಿ ಮಾಡುತ್ತಿದ್ದೆವು: ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಇದು ನಿಜ. ಆ ವಾಕ್ಯವನ್ನು ಸಾವಿರ ಸಲ ಬರೆದಿರಬೇಕು, ಅದರ ಅರ್ಥದ ಕಡೆಗೆ ಗಮನ ಹೋಗಿರಲಿಲ್ಲ. ಅದು ಬರೆದವರನ್ನು ಕಾಪಾಡುವುದಕ್ಕೆ ಇರುವ ವಾಕ್ಯ. ನನ್ನ ಕತೆಗಳ ಕೊನೆಗೆ ನಾನು ಅದನ್ನು ಹಾಕಿರಲಿಲ್ಲ.

ಆ ಹೊತ್ತಿನಿಂದ ಕ್ಯಾಲೆಂಡರ್ ಅನ್ನುವುದು ಮಕ್ಕಳ ಬಾಯಲ್ಲಿ ಬೇರೆ ಶಬ್ದವಾಯಿತು. ಮಧ್ಯಾಹ್ನ ಹತ್ತಿರದ ಉಡುಪಿ ಹೋಟೆಲಿಗೆ ಹೋದಾಗ, ಇಲ್ಲಿ ಊಟದ ಹೊತ್ತಿಗೆ ಗುರುತಿಲ್ಲದವರು ಬಂದು ನಮ್ಮ ಟೇಬಲ್ಲಿಗೇ ಕೂರುತ್ತಾರೆ ಅಂದೆ. ಕ್ಯಾಲೆಂಡರಾ, ಖರೇನಾ ಅಂತ ಮಗ ಕೇಳಿದ. ಅಷ್ಟರಲ್ಲಿ ಕುತ್ತಿಗೆಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡ ಒಬ್ಬರು ಬಂದು, ಯಾರ ಮುಖವನ್ನೂ ನೋಡದೆ ಮಗಳ ಪಕ್ಕದ ಕುರ್ಚಿಯಲ್ಲಿ ಕೂತು ಇಡ್ಲಿ-ವಡೆ ಹೇಳಿದರು. ಮಗನಿಗೆ ಬಹಳ ಸಮಾಧಾನವಾಯಿತು. ಮಗಳು ಮೊಣಕೈಗಳನ್ನು ಒಳಗೆಳೆದುಕೊಂಡು ಊಟ ಮುಗಿಸಿದಳು. ಕೌಂಟರಿನಲ್ಲಿದ್ದ ಕುಂದಾಪುರದವರು ಮಕ್ಕಳು ಕನ್ನಡ ಮಾತಾಡುವುದು ಕೇಳಿ, ಎಂತ ಮಕ್ಳೇ, ಊಟ ಸರಿ ಆಯ್ತಾ ಅಂದರು. ಮಗಳು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅಂದಳು. ಹೊರಗೆ ಬಂದ ಮೇಲೆ ನಾನು ಏನನಿಸಿತು ಅಂತ ಕೇಳಲಿಲ್ಲ. ಕೇಳಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಆದರೆ ನಾನು ಅವಳ ಮುಖ ನೋಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ನೋಡ್ತಾ ಇರಬೇಡ ಅಂದಳು.

ಎರಡನೆಯ ದಿನ ಶಾಲೆಗಳನ್ನು ನೋಡಿದೆವು, ಬಾಡಿಗೆಗಿದ್ದ ಒಂದೆರಡು ಫ್ಲ್ಯಾಟು ನೋಡಿದೆವು. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಮಗಳು ಪ್ರತಿ ಕಡೆಯೂ ಒಳ್ಳೆಯ ನಡತೆ ತೋರಿಸಿದಳು, ಅದು ಕೆಟ್ಟ ಲಕ್ಷಣ.

ಮೂರನೆಯ ದಿನ ಘಾಟ್ಕೋಪರಿಗೆ ಹೊರಟೆವು, ಕಾಕೂನನ್ನು ನೋಡಲು. ಕಾಕೂ ಅಂದರೆ ನಾನು ಪೇಯಿಂಗ್ ಗೆಸ್ಟ್ ಆಗಿದ್ದ ಮನೆಯ ಒಡತಿ. ವಿಜಯಪುರ ಕಡೆಯವಳು, ಗಂಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಚಾಳಿನ ಎರಡು ಖೋಲಿಗಳಲ್ಲಿ ತನ್ನ ಸಂಸಾರದ ಜೊತೆ ಕೆಲಸಕ್ಕೆ ಹೋಗುವ ಒಂದಿಬ್ಬರು ಹುಡುಗಿಯರನ್ನೂ ಇಟ್ಟುಕೊಂಡು, ಹೊಟ್ಟೆಗೆ ಹಾಕಿ, ಬೈದು, ಮದುವೆ ಮಾಡಿ ಕಳಿಸುತ್ತಿದ್ದಳು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಚಾಳು ಈಗ ಇಲ್ಲ. ಅದೇ ಜಾಗದಲ್ಲಿ ಎತ್ತರದ ಬಿಲ್ಡಿಂಗ್ ಬಂದಿದೆ, ಕಾಕೂಗೂ ಅದರಲ್ಲೊಂದು ಫ್ಲ್ಯಾಟ್ ಸಿಕ್ಕಿದೆ ಅಂತ ಫೋನಿನಲ್ಲಿ ಹೇಳಿದ್ದಳು.

ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿತು. ಮಾಟುಂಗಾ ದಾಟಿರಲಿಲ್ಲ, ನಿಂತಿದ್ದ ಒಬ್ಬ ಹೆಂಗಸು ಮಗಳ ಭುಜ ಮುಟ್ಟಿ "ಕಹಾಂ ಉತರ್‌ನಾ ಹೈ?" ಅಂತ ಕೇಳಿದಳು. ಮಗಳು ನನ್ನ ಕಡೆ ನೋಡಿದಳು. ಮಸ್ಕತ್ತಿನಲ್ಲಿ ಗುರುತಿಲ್ಲದವರು ಹಾಗೆ ಮೈ ಮುಟ್ಟಿ, ಎಲ್ಲಿಗೆ ಹೋಗುತ್ತೀ ಅಂತ ಕೇಳುವುದಿಲ್ಲ. ನಾನೇ ಘಾಟ್ಕೋಪರ್ ಅಂದೆ. ಆ ಹೆಂಗಸು ತಲೆಯಾಡಿಸಿ, ತನ್ನ ಹಿಂದಿನವಳಿಗೆ ಈ ಸೀಟು ತನ್ನದು ಅಂತ ಹೇಳಿ, ಮತ್ತೆ ಫೋನ್ ನೋಡುತ್ತ ನಿಂತಳು. ಇಲ್ಲಿ ಹಾಗೇ ಅಂತ ಮಗಳಿಗೆ ವಿವರಿಸಿದೆ: ಎಲ್ಲಿ ಇಳಿಯುತ್ತೀರಿ ಅಂತ ಕೇಳಿದವರಿಗೆ ಆ ಸೀಟಿನ ಹಕ್ಕು ಬರುತ್ತದೆ; ಅದನ್ನು ಯಾರೂ ಮುರಿಯುವುದಿಲ್ಲ.

"ಅಂದ್ರೆ ಅವಳಿಗೆ ನಾವು ಯಾರು ಅಂತ ಬೇಕಾಗಿಲ್ಲ, ಸೀಟ್ ಮಾತ್ರ ಬೇಕು."

"ಹೂಂ."

"ಇದು ಚೆನ್ನಾಗಿದೆ," ಅಂದಳು. ಆ ಊರಿನ ಬಗ್ಗೆ ಅವಳು ಹೇಳಿದ ಮೊದಲ ಒಳ್ಳೆಯ ಮಾತು ಅದು. ನಾನು ತೋರಿಸಬೇಕು ಅಂತ ಇಟ್ಟುಕೊಂಡಿದ್ದ ಯಾವುದಕ್ಕೂ ಆ ಮಾತು ಬಂದಿರಲಿಲ್ಲ.

ಮಗ ಬಾಗಿಲ ಮೇಲಿನ ಪಟ್ಟಿಯಲ್ಲಿ ಸ್ಟೇಶನ್ನುಗಳ ಹೆಸರು ಓದುತ್ತಿದ್ದ. ಘಾಟ್ಕೋಪರಿನ ಮುಂದಕ್ಕೂ ಓದಿದ. ಆಮೇಲೆ ಮುಲುಂಡಕ್ಕೂ ಹೋಗೋಣವಾ ಅಂತ ಕೇಳಿದ. ಅಲ್ಲಿ ಏನಿದೆ, ನನಗೆ ಯಾರೂ ಗೊತ್ತಿಲ್ಲವಲ್ಲ ಅಂದೆ. ಅವನು ನನ್ನನ್ನೇ ನೋಡಿದ. ಕ್ಯಾಲೆಂಡರ್ ಅಂತ ಅಕ್ಕನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಯಾಕೆ ಅಂತ ತಿಳಿಯಲಿಲ್ಲ.

ಕಾಕೂನ ಫ್ಲ್ಯಾಟ್ ಹನ್ನೊಂದನೆಯ ಮಾಳಿಗೆಯಲ್ಲಿತ್ತು. ಮಗನಿಗೆ ಲಿಫ್ಟ್ ಹಿಡಿಸಿತು. ಕಾಕೂನ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆಗೆದು ಅವಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ ನೋಡಿದಳು. "ಬಾರವಾ ತಂಗಿ. ದಪ್ಪ ಆಗೀದಿ, ಛಲೋ ಆತು. ಆವಾಗ ಬರೇ ಎಲಬು ಇದ್ದಿ." ಮಕ್ಕಳಿಗೆ ಕೂಡ್ರಲು ಹೇಳಿ ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋಗಿ ನಿಂತೆ. ನೆನೆಸಿ ಹಿಂಡಿದ ಚುರಮುರಿಗೆ ಪುಠಾಣಿ ಹಿಟ್ಟು ಕಲಸುತ್ತ, ಬ್ಯಾಂಕಿನ ಕೆಲಸ ಬಿಟ್ಟೆಯಾ, ಇನ್ನೂ ಮಾಡುತ್ತೀಯಾ ಅಂತ ಕೇಳಿದಳು. ನಾನು ಬ್ಯಾಂಕಿನಲ್ಲಿ ಇರಲಿಲ್ಲ, ಕೋರ್ಟಿನ ಕಾಗದ ಬರೆಯುತ್ತಿದ್ದೆ ಅಂದೆ. "ಹೌದಾ? ಹಂಗಾದ್ರ ಬ್ಯಾಂಕಿನಾಕಿ ಬ್ಯಾರೆ," ಅಂದು ಒಗ್ಗರಣೆ ಹಾಕಿದಳು. ಅದರ ಬೆನ್ನಿಗೇ, ನೀನು ಬದನೆಕಾಯಿ ಮುಟ್ಟುತ್ತಿರಲಿಲ್ಲ, ತಾಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದೆ ಅಂದಳು. ಅದು ನಾನೇ.

ಸುಸಲಾ ತಿನ್ನುವಾಗ ಮಕ್ಕಳು ಯಾಕೆ ಬಂದಿದ್ದಾರೆ ಅಂತ ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ, ಮಗಳಿಗೆ ಕೊಟ್ಟ ಮಾತನ್ನೂ. ಕಾಕೂ ಮಗಳ ಕಡೆ ತಿರುಗಿ, ಹೆಂಗೈತಿ ನಮ್ಮ ಮುಂಬೈ ಅಂತ ಕೇಳಿದಳು. ಧಾರವಾಡದ ಅಜ್ಜಿಯ ಮಾತು ಕೇಳಿ ಬಲ್ಲದ್ದರಿಂದ ಮಗಳಿಗೆ ತಿಳಿಯಿತು. ಗೊತ್ತಿಲ್ಲ ಅಂದಳು. ಆಮೇಲೆ ಯಾಕೋ, ಅಮ್ಮನಿಗೆ ಇಲ್ಲಿ ಬಹಳ ಖುಷಿ ಇತ್ತಂತೆ ಅಂತ ಸೇರಿಸಿದಳು.

"ಯಾರಿಗೆ? ಈಕಿಗೆ?" ಕಾಕೂ ತಾಟು ಕೆಳಗಿಟ್ಟಳು. "ಬಂದ ವರ್ಷ ಇಡೀ ಅತ್ತಾಳ. ಮೋರ್‍ಯಾಗ ಕುಂತು, ಸಪ್ಪಳಾ ಹೊರಗ ಕೇಳಬಾರದಂತ ನಳಾ ಬಿಟ್ಟಕೊಂಡು ಅಳಾಕಿ. ನಳಕ್ಕ ನೀರ ಬರೂದು ಮುಂಜಾನೆ ಒಂದ ತಾಸು. ನಾ ಹೊರಗ ನಿಂತು ಅಂತಿದ್ದೆ, ತಂಗಿ, ಅಳೂದ ಅಳತಿ, ಕೆಳಗ ಬಕೀಟರ ಇಟ್ಟ ಅಳವಾ, ನೀರರ ತುಂಬಲಿ ಅಂತ."

ಮೋರಿ ಅಂದರೆ ಖೋಲಿಯ ಮೂಲೆಯಲ್ಲಿ ಸಣ್ಣ ಕಟ್ಟೆ ಕಟ್ಟಿದ ಬಚ್ಚಲು ಅಂತ ಮಕ್ಕಳಿಗೆ ಹೇಳಿದೆ. ಮೋರಿ ನನಗೆ ನೆನಪಿತ್ತು. ಅದರ ಹಸಿರು ಪರದೆ, ತಾಮ್ರದ ಹಂಡೆ, ನೀರು ಬರುವ ಮೊದಲು ನಳ ಗೊರ ಗೊರ ಅನ್ನುತ್ತಿದ್ದದ್ದು, ಎಲ್ಲ ನೆನಪಿತ್ತು. ಅದರಲ್ಲಿ ಕೂತು ಅಳುವ ನಾನು ಮಾತ್ರ ಇರಲಿಲ್ಲ.

"ಮುಲುಕಿಗೆ ಹೋಗತೀನಿ, ಮುಲುಕಿಗೆ ಹೋಗತೀನಿ, ಇದೊಂದ ಜಪ," ಅಂತ ಕಾಕೂ ಮುಂದುವರಿಸಿದಳು.

ಮಗ ತಲೆ ಎತ್ತಿದ. "ಮುಲುಂಡ್!" ಅಂದ. "ಅಮ್ಮ ದೀಪಾವಳಿಗೆ ಹೋಗ್ತಿದ್ಲಲ್ಲ, ಮುಲುಂಡ್."

ಆಗ ನನಗೆ ತಿಳಿಯಿತು. ಮುಂಬಯಿಯಲ್ಲಿ ಯಾರೂ ತಮ್ಮ ಊರಿಗೆ ಹೋಗುತ್ತೇನೆ ಅನ್ನುವುದಿಲ್ಲ, ಮುಲುಕಿಗೆ ಹೋಗುತ್ತೇನೆ ಅನ್ನುತ್ತಾರೆ. ದೇಶ ಅನ್ನುವ ಶಬ್ದ ಅದು. ಜೌನಪುರವಾಗಲಿ ಸಿಂದಗಿಯಾಗಲಿ, ಪ್ರತಿಯೊಬ್ಬರ ಊರೂ ಇಲ್ಲಿ ಒಂದು ದೇಶ. ನನ್ನ ಕತೆಗಳಲ್ಲೂ ಆ ಶಬ್ದ ಹಾಗೇ ಉಳಿದುಬಿಟ್ಟಿತ್ತು. ದೀಪಾವಳಿಗೆ ಮುಲುಕಿಗೆ ಹೋಗುತ್ತಿದ್ದೆ ಅಂತ ಹೇಳಿದಾಗಲೆಲ್ಲ ಮಗ ಅದೊಂದು ಊರಿನ ಹೆಸರು ಅಂದುಕೊಂಡಿದ್ದ. ಬೆಳಿಗ್ಗೆ ಪಟ್ಟಿಯಲ್ಲಿ ಮುಲುಂಡ್ ಅಂತ ಓದಿ, ಇದೇ ಅದು ಅಂತ ನಿಶ್ಚಯಿಸಿದ್ದ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ ಅಂದದ್ದು ಅವನಿಗೆ ಸುಳ್ಳಾಗಿ ಕೇಳಿಸಿತ್ತು.

ಕಾಕೂಗೆ ವಿವರಿಸಿ ಹೇಳಿದೆ. ಅವಳು ನಕ್ಕ ರೀತಿಗೆ ಕೆಮ್ಮು ಬಂತು. "ಮುಲುಂಡಕ್ಕ ಹೋಗಾಕ ಅಳಬೇಕೇನೋ ಮಗಾ? ಹನ್ನೆರಡರ ಲೋಕಲ್ ಹಿಡದ್ರ ಊಟಕ್ಕ ಮನೀಗೆ ಬರಬಹುದು." ಮಗನಿಗೂ ನಗು ಬಂತು, ಸ್ವಲ್ಪ ತಡವಾಗಿ.

ಮಗಳು ನಗಲಿಲ್ಲ. ಅವಳು ಕಾಕೂನನ್ನೇ ನೋಡುತ್ತಿದ್ದಳು. "ಎಷ್ಟು ದಿನ ಅತ್ತಳು?" ಅಂತ ಕೇಳಿದಳು.

"ಮಳಿಗಾಲದಾಗ ಬಂದಿದ್ಲು. ಮತ್ತೊಂದ ಮಳಿಗಾಲ ಬರೂತನಕ."

"ಆಮೇಲೆ ಯಾಕೆ ನಿಲ್ಲಿಸಿದಳು?"

ಕಾಕೂ ಯೋಚಿಸಿದಳು. "ಹೊಸಾ ಹುಡುಗಿ ಒಬ್ಬಾಕಿ ಬಂದ್ಲು. ಆಕಿ ಅಳಾಕ ಹತ್ತಿದ್ಲು. ಮೋರಿ ಒಂದ ಇತ್ತಲ್ಲ."

ಅಲ್ಲಿಂದ ಹೊರಟಾಗ ಮಧ್ಯಾಹ್ನವಾಗಿತ್ತು. ಸ್ಟೇಶನ್ನಿನವರೆಗೂ ಮಗಳು ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಕೆಲಸ ಕೈತಪ್ಪಿತು ಅಂತ ನಾನು ಲೆಕ್ಕ ಹಾಕಿದ್ದೆ. ಮೂರು ದಿನ ನಾನು ಒಂದು ಊರನ್ನು ತೋರಿಸಿದ್ದೆ; ಕಾಕೂ ಒಂದು ತಾಟು ಸುಸಲಾ ಮುಗಿಯುವುದರೊಳಗೆ ಬೇರೆ ಊರನ್ನು ತೋರಿಸಿಬಿಟ್ಟಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಮಗಳು ಒಂದೇ ಪ್ರಶ್ನೆ ಕೇಳಿದಳು, ಕಾಕೂ ಹೇಳಿದ್ದು ಕ್ಯಾಲೆಂಡರಾ ಅಂತ. ಗೊತ್ತಿಲ್ಲ ಅಂದೆ. ಅದು ಖರೆ ಉತ್ತರ. ಲೋಕಲ್ ಬಂತು.

ನನ್ನ ಅನುಮಾನ ಆಮೇಲೆ ಬೆಳೆಯುತ್ತ ಹೋಯಿತು. ಕಾಕೂನ ಮನೆಯಲ್ಲಿ ಎಷ್ಟೋ ಹುಡುಗಿಯರು ಇದ್ದು ಹೋಗಿದ್ದಾರೆ. ಬ್ಯಾಂಕಿನವಳೊಬ್ಬಳು ಇದ್ದಳು, ಅವಳನ್ನು ಕಾಕೂ ನಾನು ಅಂದುಕೊಂಡಿದ್ದಳು. ಅತ್ತವಳು ಅವಳೇ ಇರಬಹುದು. ಅಥವಾ ಅವಳು ಆಮೇಲೆ ಬಂದ ಹೊಸ ಹುಡುಗಿ ಇರಬಹುದು. ಮೊದಲನೆಯ ವರ್ಷದ ಬಗ್ಗೆ ನನಗೆ ನೆನಪಿರುವುದು ಬಹಳ ಕಡಿಮೆ. ನಾನು ಹೇಳುವ ಕತೆಗಳೆಲ್ಲ ಆಮೇಲಿನವು. ಇದನ್ನು ಎರಡು ರೀತಿ ಓದಬಹುದು. ನೆನಪಿಡುವಂಥದ್ದೇನೂ ನಡೆಯಲಿಲ್ಲ ಅಂತ ಒಂದು. ಇನ್ನೊಂದನ್ನು ಕಾಕೂ ಹೇಳಿದ್ದಾಳೆ. ಆ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿದ್ದೆ, ಅದರಲ್ಲಿ ಅಳುವಿನ ಸುದ್ದಿ ಇಲ್ಲ ಅಂತ ನನ್ನ ನೆನಪು. ಆದರೆ ದಿನಚರಿಗಳು ಈಗ ಇಲ್ಲ, ಅವುಗಳಲ್ಲಿ ಏನಿರಲಿಲ್ಲ ಅನ್ನುವುದಕ್ಕೂ ನನ್ನ ನೆನಪೊಂದೇ ಸಾಕ್ಷಿ. ಕಚೇರಿಯಲ್ಲಿ ಇಂಥ ಸಾಕ್ಷಿ ಹೇಳಿಕೆ ಬಂದರೆ, ವಕೀಲರು ಇದನ್ನು ಹೇಗೆ ಹರಿದು ಹಾಕುತ್ತಾರೆ ಅಂತ ನಾವು ಚಹಾ ಕುಡಿಯುತ್ತ ಮಾತಾಡಿಕೊಳ್ಳುತ್ತಿದ್ದೆವು.

ಮರುದಿನ ನಾಲ್ಕನೆಯ ದಿನ. ದಾದರಿನ ಒಂದು ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದೆವು. ಹೊರಗೆ ಹೂವಿನ ಬುಟ್ಟಿ ಹೊತ್ತವರು ದಾರಿ ಬಿಡಿ ಅಂತ ಕೂಗುತ್ತ ಹೋಗುತ್ತಿದ್ದರು. ಮಗ ದೋಸೆಯನ್ನು ನಡುವಿನಿಂದ ತಿನ್ನುತ್ತಿದ್ದ. ಮಗಳು ಲೋಟದಲ್ಲಿ ಚಮಚೆ ತಿರುಗಿಸುತ್ತ ಇದ್ದು, ನನ್ನನ್ನು ನೋಡದೆ ಕೇಳಿದಳು.

"ನಾವು ಬಂದರೆ ನಾನು ಒಂದು ವರ್ಷ ಅಳಬಹುದಾ?"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ನಿನ್ನ ಕತೆಯಲ್ಲಿ ಎಲ್ಲರೂ ಮುಂಬೈಗೆ ಬಂದ ದಿನಾನೇ ಹ್ಯಾಪಿ. ನಾನು ಹಾಗೆ ಆಗಲ್ಲ, ನಂಗೆ ಗೊತ್ತು. ಅದಕ್ಕೇ ನೋ ಅನ್ನಬೇಕು ಅಂದ್ಕೊಂಡಿದ್ದೆ." ಕನ್ನಡ ಸಾಲದೆ ಸ್ವಲ್ಪ ಇಂಗ್ಲಿಷಿನಲ್ಲಿ ಹೇಳಿದಳು, ಮತ್ತೆ ಕನ್ನಡಕ್ಕೆ ಬಂದಳು. ಒಂದು ವರ್ಷ ಅತ್ತು, ಆಮೇಲೆ ಸರಿಹೋಗುವುದು ಇದೆಯಾದರೆ ತಾನು ಬರಬಹುದು. ಆದರೆ ಆ ವರ್ಷ ತನ್ನದು. ಅಳುವಾಗ ಏನಾಯ್ತು ಅಂತ ಕೇಳಬಾರದು. ಅಪ್ಪನಿಗೆ ಫೋನ್ ಮಾಡಿ ಹೇಳಬಾರದು. ಈಗ ನೋಡುವ ಹಾಗೆ ತನ್ನ ಮುಖವನ್ನೇ ನೋಡುತ್ತ ಇರಬಾರದು.

ಅವಳು ಹೂಂ ಅನ್ನುತ್ತಿದ್ದಳು. ನಾನು ತೋರಿಸಿದ ಯಾವುದರಿಂದಲೂ ಅಲ್ಲ, ನಾನು ಅತ್ತೆ ಅನ್ನುವ ಒಂದೇ ಸಂಗತಿಯಿಂದ. ಆ ಸಂಗತಿಯ ಬಗ್ಗೆಯೇ ನನಗೆ ಖಾತ್ರಿ ಇರಲಿಲ್ಲ. ಸುಮ್ಮನಿದ್ದರೆ ಕೆಲಸ ನನ್ನದು. ಸುಮ್ಮನಿರಲು ಕಾರಣಗಳೂ ಇದ್ದವು: ಕಾಕೂ ಹೇಳಿದ್ದು ನಿಜವೇ ಇರಬಹುದು, ಬದನೆಕಾಯಿ ನಿಜವಾಗಿತ್ತು. ನಾನು ಆ ಕಾರಣಗಳನ್ನು ಒಂದೊಂದಾಗಿ ನೋಡಿದೆ. ಅಷ್ಟು ಹೊತ್ತು ಅವುಗಳನ್ನು ನೋಡಬೇಕಾಯಿತು ಅನ್ನುವುದೇ, ಸುಮ್ಮನಿರಬಾರದು ಅಂತ ತಿಳಿಯಲು ಸಾಕಾಗಿತ್ತು.

"ಒಂದು ಮಾತು," ಅಂದೆ. "ಕಾಕೂ ಹೇಳಿದ ಹುಡುಗಿ ನಾನಲ್ಲದೆ ಇರಬಹುದು. ಅವಳ ಮನೆಯಲ್ಲಿ ಬ್ಯಾಂಕಿನ ಹುಡುಗಿ ಒಬ್ಬಳಿದ್ದಳು. ಕಾಕೂ ನಮ್ಮಿಬ್ಬರನ್ನೂ ಕಲಸಿಕೊಂಡಿದ್ದಾಳೆ. ನನಗೆ ಅತ್ತದ್ದು ನೆನಪಿಲ್ಲ."

ಮಗ ತಿನ್ನುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದ. ಅವಳು ಚಮಚೆಯನ್ನು ಲೋಟದಿಂದ ತೆಗೆದು ತಟ್ಟೆಯಲ್ಲಿಟ್ಟಳು. ನನಗೆ ಸಿಟ್ಟು ಬಂದರೆ ನಾನೂ ಹಾಗೇ ಮಾಡುತ್ತೇನೆ, ಸದ್ದಾಗದ ಹಾಗೆ ಇಡುತ್ತೇನೆ. ಪಕ್ಕದ ಕುರ್ಚಿಗೆ ಯಾರೋ ಬಂದು ಕೂತರು. ಅವಳು ಅವರಿಗೆ ಜಾಗ ಮಾಡಿ ಕುರ್ಚಿ ಸರಿಸಿಕೊಂಡಳು.

"ಅತ್ತಿದ್ದು ನೆನಪಿಲ್ಲ," ಅಂದಳು. "ಅಳದೇ ಇದ್ದದ್ದು ನೆನಪಿದೆಯಾ?"

ಪ್ರಶ್ನೆಯನ್ನು ನಾನು ಪ್ರಾಮಾಣಿಕವಾಗಿಯೇ ತೆಗೆದುಕೊಂಡೆ. ಮೊದಲ ಮಳೆಗಾಲ. ಖೋಲಿ. ಹಸಿರು ಪರದೆಯ ಈಚೆ ಕಡೆ ಚಾಪೆ. ಲೋಕಲ್ಲಿಗೆ ಹೋಗುವ ದಾರಿಯಲ್ಲಿ ನನ್ನ ಚಪ್ಪಲಿ. ಮುಖ ಎಲ್ಲೂ ಇರಲಿಲ್ಲ.

"ಇಲ್ಲ," ಅಂದೆ.

"ಹಾಗಾದ್ರೆ ನೀನೇ ಅಂತ ಇಟ್ಕೋತೀನಿ."

ಇದು ತರ್ಕವಲ್ಲ ಅಂತ ಹೇಳಬಹುದಿತ್ತು. ಬೇರೆಯವಳ ಅಳುವನ್ನು ತಂದು ನನಗೆ ಹಚ್ಚಿ ಅದರ ಮೇಲೆ ಎರಡು ವರ್ಷದ ನಿರ್ಧಾರ ಮಾಡುವುದು ಸರಿಯೇ ಅಂತಲೂ ಕೇಳಬಹುದಿತ್ತು. ಅವಳು ಆಗಲೇ ತಮ್ಮನ ಜೊತೆ, ಹನ್ನೊಂದನೆಯ ಮಾಳಿಗೆ ಸಿಗದಿದ್ದರೆ ಎಷ್ಟನೆಯದಾದರೆ ನಡೆಯುತ್ತದೆ ಅಂತ ವಾದಕ್ಕಿಳಿದಿದ್ದಳು. ಮೂವರು ಗೆಳತಿಯರಿಗೆ ಹೇಳುವವರೆಗೆ ನಾನು ಯಾರಿಗೂ ಹೇಳಬಾರದು ಅನ್ನುವುದೂ ಷರತ್ತಿಗೆ ಸೇರಿತು. ಕಚೇರಿಗೆ ಹೇಳಲೇಬೇಕಲ್ಲ ಅಂದೆ. ಕಚೇರಿಗೆ ಪರವಾಗಿಲ್ಲ ಅಂದಳು. ಒಂದು ವರ್ಷ ಆದ ಮೇಲೂ ನಿಲ್ಲದಿದ್ದರೆ ಏನು ಮಾಡುವುದು ಅಂತ ನಾನು ಕೇಳಲಿಲ್ಲ; ಅವಳೂ ಅದರ ಮಾತೆತ್ತಲಿಲ್ಲ.

ಹೋಟೆಲಿನ ಹೊರಗೆ, ಅಂಗಡಿಯೊಂದರ ನೆರಳಲ್ಲಿ ನಿಂತು ಯಜಮಾನರಿಗೆ ಫೋನ್ ಮಾಡಿದೆ. ಮಕ್ಕಳು ಎರಡು ಹೆಜ್ಜೆ ಆಚೆ ನಿಂತಿದ್ದರು. ಜನ ಅವರ ಎರಡೂ ಕಡೆಯಿಂದ ಹಾದುಹೋಗುತ್ತಿದ್ದರು. ಯಜಮಾನರು ಮೊದಲು ಕೇಳಿದ್ದು ಕೆಲಸದ ಬಗ್ಗೆ ಅಲ್ಲ.

"ಏನು ಬಾಯಿ, ಹುಡುಗರಿಗೆ ನಮ್ಮ ಊರು ಹಿಡಿಸ್ತೇನು?"

"ಇಲ್ಲ ಸರ್," ಅಂದೆ. "ಬರ್ತೀವಿ."